ಬೀದರಿನ ಪಾಳು ಪಿಂಗಾಣಿ ಕಾರ್ಖಾನೆಯಲ್ಲಿ ಒಂದು ದಿನದ ಛಾಯಾಗ್ರಹಣ ನಡಿಗೆ: ಹೋಗಿಬಂದವಳ ವಿಮರ್ಶೆ

ಬೀದರಿನಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ಇಬ್ಬರು ಛಾಯಾಗ್ರಾಹಕರು ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಆರು ಜನರ ತಂಡವನ್ನು ಊರಾಚೆ ಮುಚ್ಚಿಬಿದ್ದಿರುವ ಒಂದು ಪಿಂಗಾಣಿ ಕಾರ್ಖಾನೆಗೆ ಕರೆದುಕೊಂಡು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಚಿತ್ರ ತೆಗೆಯಲು ಅನುವು ಮಾಡಿಕೊಡುತ್ತಾರೆ. ಒಬ್ಬರಿಗೆ 1,500 ರೂಪಾಯಿ ಶುಲ್ಕ. ಜೀಪಿನಲ್ಲಿ ಹೋಗಿಬರುವುದು, ಮಧ್ಯಾಹ್ನದ ಊಟ, ಇಲ್ಲದವರಿಗೆ ಟ್ರೈಪಾಡ್, ಕೊನೆಗೆ ನಾವೇ ತೆಗೆದ ಒಂದು ಚಿತ್ರದ ದೊಡ್ಡ ಮುದ್ರಿತ ಪ್ರತಿ, ಇಷ್ಟೂ ಅದರಲ್ಲೇ ಸೇರಿವೆ. ನಾನು ಜನವರಿಯಲ್ಲಿ ಹೋಗಿದ್ದೆ. ಕಾರ್ಖಾನೆಯ ಹೆಸರನ್ನಾಗಲಿ, ದಾರಿಯನ್ನಾಗಲಿ, ಸ್ಟುಡಿಯೊದ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಭಟ್ಟಿಯ ಇಟ್ಟಿಗೆ, ಕಬ್ಬಿಣದ ಪಟ್ಟಿ, ಮೋಟಾರಿನ ತಾಮ್ರದ ತಂತಿ ಈಗಾಗಲೇ ಸಾಕಷ್ಟು ಕಳುವಾಗಿರುವುದರಿಂದ ಜಾಗದ ಗುರುತು ಹೇಳಬಾರದೆಂದು ಮಾಲೀಕರ ಮನೆಯವರು ಕೇಳಿಕೊಂಡಿದ್ದಾರೆ, ಅವರ ಮಾತು ನ್ಯಾಯವಾದದ್ದು. ಬೀದರಿನಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಯಾರನ್ನು ಕೇಳಿದರೂ ಈ ಇಬ್ಬರ ವಿಳಾಸ ಸಿಗುತ್ತದೆ.

ಮೊದಲಿಗೇ ಹೇಳಬೇಕಾದ ಮಾತೆಂದರೆ, ಇವರು ಅನುಮತಿ ಪಡೆದೇ ಒಳಗೆ ಕರೆದೊಯ್ಯುತ್ತಾರೆ. ಪಾಳು ಕಟ್ಟಡವೆಂದರೆ ಯಾರಿಗೂ ಸೇರದ್ದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಬಾಗಿಲು ಬಿದ್ದುಹೋಗಿರಲಿ, ಕಾಂಪೌಂಡ್ ಗೋಡೆ ಒಡೆದಿರಲಿ, ಹೇಳದೆ ಕೇಳದೆ ಒಳಹೊಕ್ಕರೆ ಅದು ಅತಿಕ್ರಮ ಪ್ರವೇಶವೇ ಆಗುತ್ತದೆ. ಮಾಲೀಕರ ಸಹಿ ಇರುವ ಪತ್ರವನ್ನು ಹೊರಡುವ ಮುನ್ನ ಎಲ್ಲರಿಗೂ ಓದಲು ಕೊಟ್ಟರು. ಎರಡು ಕೋಣೆಗಳ ಚಾವಣಿ ಸಡಿಲಾಗಿರುವುದರಿಂದ ಅಲ್ಲಿಗೆ ಯಾರೂ ಕಾಲಿಡಬಾರದೆಂದು ಅದರಲ್ಲಿ ಬರೆದಿತ್ತು, ಆ ಎರಡೂ ಬಾಗಿಲುಗಳಿಗೆ ಕೆಂಪು ಹಗ್ಗ ಕಟ್ಟಿದ್ದರು. ಡ್ರೋನ್ ತರಕೂಡದೆಂದು ಮೊದಲೇ ತಿಳಿಸಿದ್ದರು. ಬೀದರಿನಲ್ಲಿ ವಾಯುಪಡೆಯ ನೆಲೆ ಇರುವುದರಿಂದ ಸುತ್ತಲಿನ ಆಕಾಶದಲ್ಲಿ ಮನಬಂದಂತೆ ಡ್ರೋನ್ ಹಾರಿಸುವಂತಿಲ್ಲ. ಹೊರಗಿನಿಂದ ಬರುವವರಿಗೆ ಈ ವಿಷಯ ಹಲವು ಸಲ ಗೊತ್ತಿರುವುದಿಲ್ಲ.

ಆದರೆ ಈ ನಡಿಗೆಯ ನಿಜವಾದ ಬೆಲೆ ಇರುವುದು ಇವರು ಜೊತೆಗೆ ಕರೆತರುವ ಒಬ್ಬ ಹಿರಿಯರಲ್ಲಿ. ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ಭಾಲ್ಕಿ ಕಡೆಯ ಕುಂಬಾರ ಮನೆತನದವರು, ಹರೆಯದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿರುವ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದು, ಈ ಕಾರ್ಖಾನೆ ಮುಚ್ಚುವವರೆಗೂ ಭಟ್ಟಿ ಸುಡುವ ಕೆಲಸ ಮಾಡಿದವರು. ಮಡಕೆ ತಟ್ಟುವ ಸದ್ದಿಗೆ ಶಿವನನ್ನೇ ಕುಣಿಸಿದನೆಂದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಶರಣ ಕುಂಬಾರ ಗುಂಡಯ್ಯನೂ ಆ ಭಾಲ್ಕಿಯವನೇ. ಕಾಕಾ ಆ ಕತೆಯನ್ನು ಜೀಪಿನಲ್ಲಿ ತಮ್ಮ ಮನೆಯ ಹಿರಿಯರೊಬ್ಬರ ಸುದ್ದಿ ಹೇಳುವಷ್ಟು ಸಲಿಗೆಯಿಂದ ಹೇಳಿದರು. ಈ ಹಿಂದೆ ನಾನು ಎರಡು ಮೂರು ಪಾಳು ಕಟ್ಟಡಗಳ ಚಿತ್ರ ತೆಗೆದಿದ್ದೇನೆ. ಅವುಗಳಲ್ಲಿ ಇರುವುದೆಲ್ಲ ಒಡೆದ ಗೋಡೆ, ತುಕ್ಕು ಹಿಡಿದ ಕಬ್ಬಿಣ ಮತ್ತು ಕಿಟಕಿಯಿಂದ ಬಿದ್ದ ಬಿಸಿಲು. ಅಲ್ಲಿ ಯಾರು, ಏನು ಕೆಲಸ, ಹೇಗೆ ಮಾಡುತ್ತಿದ್ದರು ಎಂಬುದು ನನಗೇ ಗೊತ್ತಿರದೆ ಇದ್ದುದರಿಂದ ಚಿತ್ರಗಳಲ್ಲೂ ಅದು ಬರಲಿಲ್ಲ. ಈ ಸಲ ಹಾಗಾಗಲಿಲ್ಲ.

ಬೀದರ್ ಎಂದ ಕೂಡಲೇ ಕೆಂಪುಕಲ್ಲು, ಕೋಟೆಯ ಮಣ್ಣು ಮತ್ತು ಬಿದರಿ ಕೆಲಸ ನೆನಪಾಗುತ್ತವೆ, ಬಿಳಿಮಣ್ಣು ನೆನಪಾಗುವುದಿಲ್ಲ. ಆದರೆ ಊರಿನ ನೈರುತ್ಯಕ್ಕೆ ಹತ್ತು ಹನ್ನೊಂದು ಕಿಲೋಮೀಟರ್ ದೂರದ ಕಮಠಾಣದ ಆಸುಪಾಸಿನಲ್ಲಿ ಕಾವೋಲಿನ್ ಎಂಬ ಬಿಳಿಮಣ್ಣಿನ ನಿಕ್ಷೇಪವಿದೆ, ಪಿಂಗಾಣಿಗೆ ಮೂಲವೇ ಅದು. ಅದರ ಜೊತೆಗೆ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜ ಸೇರಿದರೆ ಪಾತ್ರೆಯ ಮೈ ಸಿದ್ಧವಾಗುತ್ತದೆ. ಮಣ್ಣು ಆಕಾರ ಕೊಡುತ್ತದೆ, ಬೆಣಚು ಎಲುಬಿನಂತೆ ನಿಲ್ಲಿಸುತ್ತದೆ, ಫೆಲ್ಡ್‌ಸ್ಪಾರ್ ಬೆಂಕಿಯಲ್ಲಿ ಕರಗಿ ಎರಡನ್ನೂ ಬೆಸೆಯುತ್ತದೆ. ಅಂಗಳದ ಮೂಲೆಯಲ್ಲಿ ಈ ಮೂರರ ರಾಶಿಗಳೂ ಹುಲ್ಲು ಬೆಳೆದು ದಿನ್ನೆಗಳಾಗಿ ಉಳಿದಿವೆ. ಕಾಕಾ ಹೇಳದಿದ್ದರೆ ಅವನ್ನು ಕಸದ ಗುಡ್ಡೆ ಎಂದುಕೊಂಡು ದಾಟಿಬಿಡುತ್ತಿದ್ದೆ.

ಗಿರಣಿ ಕೋಣೆಯಲ್ಲಿ ಡ್ರಮ್ಮಿನಂಥ ಎರಡು ಬಾಲ್ ಮಿಲ್‌ಗಳಿವೆ. ಒಂದರ ಮುಚ್ಚಳ ಇಲ್ಲ, ಒಳಗೆ ನುಣುಪಾಗಿ ಸವೆದ ಗುಂಡುಕಲ್ಲುಗಳು ಇನ್ನೂ ಇವೆ. ಡ್ರಮ್ಮು ತಿರುಗಿದಂತೆ ಈ ಕಲ್ಲುಗಳು ಉರುಳಿ ಬೆಣಚನ್ನು ಹಿಟ್ಟು ಮಾಡುತ್ತಿದ್ದವು. ಪಕ್ಕದ ಕೋಣೆಯಲ್ಲಿ ಫಿಲ್ಟರ್ ಪ್ರೆಸ್‌ನ ಚೌಕಟ್ಟು ನಿಂತಿದೆ. ಕೆಸರಿನಂತಿರುವ ಮಣ್ಣನ್ನು ದಪ್ಪ ಬಟ್ಟೆಯ ನಡುವೆ ಒತ್ತಿ ನೀರು ಹಿಂಡುವ ಯಂತ್ರ ಅದು. ಅದರ ಕೊನೆಯ ಪಾಳಿಯ ಮೂರು ಮಣ್ಣಿನ ಬಿಲ್ಲೆಗಳು ಗೋಡೆಗೆ ಒರಗಿ ಒಣಗಿ ಕಲ್ಲಾಗಿವೆ. ಅವುಗಳ ಮೈಮೇಲೆ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಮೂಡಿದೆ, ಒಂದು ಕಡೆ ಬಟ್ಟೆ ಹರಿದಿದ್ದನ್ನು ಹೊಲಿದ ಹೊಲಿಗೆಯ ಗುರುತೂ ಇದೆ. ಬೆಳಿಗ್ಗೆ ಏಳೂವರೆಯ ಓರೆ ಬಿಸಿಲು ಆ ಬಿಲ್ಲೆಗಳ ಮೇಲೆ ಹತ್ತು ನಿಮಿಷ ಮಾತ್ರ ಬೀಳುತ್ತದೆಂದು ಆಯೋಜಕರಿಗೆ ಗೊತ್ತಿತ್ತು, ನಮ್ಮನ್ನು ನೇರ ಅಲ್ಲಿಗೇ ಕರೆದೊಯ್ದರು. ಯಾವ ಕೋಣೆಗೆ ಯಾವ ಹೊತ್ತಿಗೆ ಬೆಳಕು ಬರುತ್ತದೆಂಬುದನ್ನು ಅವರು ತಿಂಗಳುಗಟ್ಟಲೆ ನೋಡಿ ಬರೆದಿಟ್ಟುಕೊಂಡಿದ್ದಾರೆ. ಶುಲ್ಕದ ಅರ್ಧ ಹಣ ಆ ಒಂದು ಚೀಟಿಗೇ ಸಲ್ಲುತ್ತದೆ ಎಂದರೂ ತಪ್ಪಲ್ಲ.

ಅಚ್ಚಿನ ಕೋಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ಲಾಸ್ಟರ್ ಅಚ್ಚುಗಳನ್ನು ಗೆದ್ದಲು ಮುಟ್ಟದಿದ್ದರೂ ಮಳೆನೀರು ತಿಂದುಹಾಕಿದೆ. ಉಳಿದವುಗಳ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದ ಸಂಖ್ಯೆಗಳನ್ನು ಓದಬಹುದು.

ಭಟ್ಟಿಯ ವಿಷಯಕ್ಕೆ ಬರುತ್ತೇನೆ. ಗುಮ್ಮಟದಂತೆ ಕಟ್ಟಿದ ದುಂಡನೆಯ ಭಟ್ಟಿ, ಅಡ್ಡಳತೆ ಸುಮಾರು ಹದಿನೈದು ಅಡಿ, ಮೈಸುತ್ತ ಕಬ್ಬಿಣದ ಪಟ್ಟಿಗಳು. ಕಾದಾಗ ಇಟ್ಟಿಗೆ ಹಿಗ್ಗಿ ಗೋಡೆ ಸೀಳದಿರಲಿ ಎಂದು ಆ ಪಟ್ಟಿಗಳನ್ನು ಬಿಗಿದಿರುತ್ತಾರೆ. ಸುತ್ತಲೂ ಕಲ್ಲಿದ್ದಲು ಹಾಕುವ ಒಲೆಬಾಯಿಗಳಿವೆ. ಚಿಮಣಿ ಮಾತ್ರ ಭಟ್ಟಿಯ ಮೇಲೆ ಇಲ್ಲ, ಇಪ್ಪತ್ತು ಹೆಜ್ಜೆ ಆಚೆ ಬೇರೆಯಾಗಿ ನಿಂತಿದೆ. ಹೊಗೆ ಅಲ್ಲಿಗೆ ಹೇಗೆ ಹೋಗುತ್ತದೆ ಎಂದು ನಾನು ಕೇಳಿದೆ. “ಬೆಂಕಿ ಮ್ಯಾಲ ಹೋಗಿ ಗುಮ್ಮಟಕ್ಕ ಬಡದು, ಹೊಳ್ಳಿ ಕೆಳಗ ಇಳೀತದ್ರಿ ಅಕ್ಕೋರೆ, ನೆಲದಾಗಿನ ತೂತಿನಿಂದ ಹೊಗಿ ಹೊಂಟು ಚಿಮಣಿಗಿ ಸೇರ್ತದ” ಎಂದು ಕಾಕಾ ಕೈ ಬೀಸಿ ತೋರಿಸಿದರು. ಒಲೆಬಾಯಿಯ ಎದುರಿಗೇ ಒಂದು ಗಿಡ್ಡ ಗೋಡೆ ಇರುತ್ತದೆ, ಜ್ವಾಲೆ ನೇರವಾಗಿ ಪಾತ್ರೆಗಳಿಗೆ ತಗಲದೆ ಮೇಲಕ್ಕೆ ತಿರುಗುವುದು ಅದರಿಂದ. ಮೇಲಿನಿಂದ ಇಳಿಯುವ ಬೆಂಕಿ ಎಲ್ಲ ಸಾಲುಗಳಿಗೂ ಹೆಚ್ಚು ಕಡಿಮೆ ಸಮನಾಗಿ ಹಂಚಿಹೋಗುತ್ತದೆ. ಹಳ್ಳಿಯ ಆವಿಗೆಯಲ್ಲಿ ಬೆಂಕಿ ಕೆಳಗಿನಿಂದ ಮೇಲೆ ಹೋಗಿ ಬಿಡುವುದರಿಂದ ಇಲ್ಲಿ ತಯಾರಾಗುತ್ತಿದ್ದ ಉಪ್ಪಿನಕಾಯಿ ಜಾಡಿಗಳಿಗೆ ಬೇಕಾದ 1,250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವು ಅಲ್ಲಿ ಹುಟ್ಟುವುದಿಲ್ಲ, ಮಡಕೆ ಕೆಂಪಾಗಿ, ನೀರು ಜಿನುಗುವಂತೆಯೇ ಉಳಿಯುತ್ತದೆ. ನೀರು ತಂಪಾಗಲು ಆ ಜಿನುಗು ಬೇಕು, ಉಪ್ಪಿನಕಾಯಿಗೆ ಅದು ಆಗದು. ಉಪ್ಪು ಮತ್ತು ಹುಳಿಗೆ ಜಗ್ಗದ, ಎಣ್ಣೆ ಹೀರದ ಭರಣಿ ಬೇಕೆಂದರೆ ಇಂಥ ಭಟ್ಟಿಯೇ ಬೇಕು.

ಭಟ್ಟಿಯ ಒಳಗೆ ಬಗ್ಗಿ ಹೋಗಬೇಕು. ಒಳಗೋಡೆಯ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಹಾರಿದ ಬೂದಿ ಕರಗಿ ಕೂತು, ಹಸಿರು ಮಿಶ್ರಿತ ಕಂದು ಬಣ್ಣದ ಗಾಜಿನ ಪದರವಾಗಿದೆ, ಕೆಲವೆಡೆ ಜೇನಿನಂತೆ ಇಳಿದು ಹನಿಯಾಗಿ ನಿಂತಿದೆ. ಒಂದು ಬದಿಯಲ್ಲಿ ಸ್ಯಾಗರ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದು ಹಾಗೇ ಇದೆ. ಹೊಗೆ ಮತ್ತು ಬೂದಿ ತಗಲದಂತೆ ಜಾಡಿಗಳನ್ನು ಇಡುವ ಬೆಂಕಿಮಣ್ಣಿನ ಪೆಟ್ಟಿಗೆಗಳಿಗೆ ಸ್ಯಾಗರ್ ಎನ್ನುತ್ತಾರೆ. ಎರಡು ಸ್ಯಾಗರ್‌ಗಳ ನಡುವಿನ ಸಂದಿಗೆ ಮೆತ್ತಿದ ಮಣ್ಣಿನ ಬತ್ತಿಯಲ್ಲಿ ನಾಲ್ಕು ಬೆರಳುಗಳ ಒತ್ತು ಸ್ಪಷ್ಟವಾಗಿ ಉಳಿದಿದೆ. ಹೆಬ್ಬೆರಳಿನ ಗೆರೆಗಳೂ ಕಾಣುತ್ತವೆ. ಮಣ್ಣು ಮೆತ್ತಗಿದ್ದಾಗ ಒತ್ತಿದ ಆ ಬೆರಳು ಬೆಂಕಿಯಲ್ಲಿ ಬೆಂದು ಕಲ್ಲಾಗಿದೆ. ಕಾಕಾ ತಮ್ಮ ಕೈಯನ್ನು ಅದರ ಮೇಲಿಟ್ಟು ನೋಡಿ, ತಮ್ಮದಲ್ಲ, ಕೈ ಸಣ್ಣದು, ಯಾವುದೋ ಹೆಣ್ಣುಮಗಳದ್ದು ಎಂದರು.

ಅವರು ಆಮೇಲೆ ತೋರಿಸಿದ್ದು ಇಡೀ ದಿನದಲ್ಲಿ ನಾನು ಕಂಡ ಅತ್ಯಂತ ಚಿಕ್ಕ ವಸ್ತು. ಇಣುಕುಕಿಂಡಿಯ ನೇರಕ್ಕೆ ಒಳಗೆ ಒಂದು ಮಣ್ಣಿನ ಪಟ್ಟಿಯ ಮೇಲೆ ಬೆರಳುದ್ದದ ಮೂರು ಕೋನುಗಳು ನಿಂತಿದ್ದವು. ಜರ್ಮನಿಯ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ವಿಧಾನ ಇದು. ಬೇರೆ ಬೇರೆ ಕಾವಿಗೆ ಬಾಗುವಂತೆ ಅಳೆದು ಬೆರೆಸಿದ ಮಣ್ಣಿನ ಕೋನುಗಳನ್ನು ಪಾತ್ರೆಗಳ ಜೊತೆಗೇ ಇಟ್ಟು, ಕಿಂಡಿಯಿಂದ ನೋಡುತ್ತ ಬೆಂಕಿ ನಡೆಸುವುದು. ಮೊದಲನೆಯದು ಬಾಗಿದರೆ ಎಚ್ಚರ, ಎರಡನೆಯದು ಬಾಗಿ ಅದರ ತುದಿ ನೆಲ ಮುಟ್ಟಿದರೆ ಕಲ್ಲಿದ್ದಲು ನಿಲ್ಲಿಸುವುದು, ಮೂರನೆಯದು ಬಾಗಲೇಬಾರದು. ಈ ಮೂರರಲ್ಲಿ ಮೊದಲನೆಯದು ಮಲಗಿದೆ, ಎರಡನೆಯದು ತಲೆ ಬಗ್ಗಿಸಿ ನೆಲ ಮುಟ್ಟಿದೆ, ಮೂರನೆಯದು ನೆಟ್ಟಗಿದೆ. ಕೊನೆಯ ಸುಡುವಿಕೆ ಸರಿಯಾಗಿಯೇ ನಡೆದಿತ್ತು. “ಕಾರ್ಖಾನಿ ಬಂದ್ ಆಗ್ತದಂತ ಗೊತ್ತಿತ್ರಿ, ಆದ್ರ ಭಟ್ಟಿ ಕೆಡಸಬಾರದಲ್ರಿ” ಎಂದು ಕಾಕಾ ಹೇಳಿದರು. ಎಲ್ಲರೂ ಗುಮ್ಮಟದ ಚಿತ್ರ ತೆಗೆಯುತ್ತಿದ್ದಾಗ ನಾನು ಮುಕ್ಕಾಲು ಗಂಟೆ ಆ ಮೂರು ಕೋನುಗಳ ಮುಂದೆ ಕೂತಿದ್ದೆ.

ಚಿತ್ರ ತೆಗೆಯುವವರಿಗೆ ಉಪಯೋಗವಾಗಲೆಂದು ಇಷ್ಟನ್ನು ಬರೆಯುತ್ತೇನೆ. ಭಟ್ಟಿಯೊಳಗೆ ಬೆಳಕು ಬಹಳ ಕಡಿಮೆ, ಬಾಗಿಲಿನ ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಂದೇ ಚಿತ್ರದಲ್ಲಿ ಎರಡೂ ಹಿಡಿಯುವುದಿಲ್ಲ. ಐಎಸ್‌ಒ 100, ಎಫ್ 8ರಲ್ಲಿ, ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಅಂತರದಲ್ಲಿ ಐದು ಚಿತ್ರ ತೆಗೆದು ಆಮೇಲೆ ಬೆಸೆದರೆ ಗೋಡೆಯ ಮೇಲಿನ ಗಾಜಿನ ಹನಿಗಳೂ ಹೊರಗಿನ ಬೇವಿನ ಮರವೂ ಉಳಿಯುತ್ತವೆ. ಅತಿ ಕಪ್ಪಿನ ಮೂಲೆಗೆ ಹದಿನೈದು ಸೆಕೆಂಡುಗಳವರೆಗೂ ಹೋಗಬೇಕಾಯಿತು, ಆದ್ದರಿಂದ ಟ್ರೈಪಾಡ್ ಇಲ್ಲದೆ ಹೋಗಬೇಡಿ, ಗುಂಡಿ ಒತ್ತುವ ಬದಲು ಎರಡು ಸೆಕೆಂಡಿನ ಟೈಮರ್ ಬಳಸಿ. ಫ್ಲ್ಯಾಶ್ ಎದುರಿನಿಂದ ಹೊಡೆದರೆ ಮೆರುಗು ಒಂದೇ ಬಿಳಿ ಚುಕ್ಕೆಯಾಗಿ ಬಿಡುತ್ತದೆ. ಚಿಕ್ಕ ಎಲ್‌ಇಡಿ ದೀಪವನ್ನು ಗೋಡೆಗೆ ತಾಗಿದಂತೆ ಬದಿಯಿಂದ ಹಿಡಿದಾಗ ಬೆರಳಿನ ಗುರುತು, ಬಟ್ಟೆಯ ನೇಯ್ಗೆ, ಹನಿಯ ಅಂಚು ಎಲ್ಲವೂ ಎದ್ದು ಬರುತ್ತವೆ. ಒಳಗೆ ಲೆನ್ಸ್ ಬದಲಿಸಲೇಬಾರದು, ಅಲ್ಲಿನ ಧೂಳು ಸೆನ್ಸರಿನ ಮೇಲೆ ಕೂತರೆ ಹೋಗುವುದು ಕಷ್ಟ.

ಆ ಧೂಳಿನ ವಿಷಯದಲ್ಲೇ ಈ ಸೇವೆಯ ಮೇಲೆ ನನಗೆ ದೊಡ್ಡ ದೂರಿದೆ. ಹನ್ನೊಂದು ಗಂಟೆಯ ಸುಮಾರಿಗೆ ಗಿರಣಿ ಕೋಣೆಯ ಒಡೆದ ಶೀಟಿನಿಂದ ಬಿಸಿಲಿನ ಕೋಲುಗಳು ಇಳಿಯುತ್ತವೆ. ಆ ಕೋಲುಗಳು ಚಿತ್ರದಲ್ಲಿ ಚೆನ್ನಾಗಿ ಕಾಣಲೆಂದು ಆಯೋಜಕರಲ್ಲಿ ಒಬ್ಬರು ನೆಲದ ಪುಡಿಯನ್ನು ಬೊಗಸೆಯಲ್ಲಿ ತುಂಬಿ ಗಾಳಿಗೆ ತೂರಿದರು, ತಂಡದ ಇಬ್ಬರು ಹುಡುಗರೂ ಹಾಗೇ ಮಾಡಿದರು. ಅದು ರಸ್ತೆಯ ಧೂಳಲ್ಲ, ಬಾಲ್ ಮಿಲ್‌ನಲ್ಲಿ ಅರೆದ ಬೆಣಚಿನ ಹಿಟ್ಟು. ಬೆಣಚೆಂದರೆ ಸಿಲಿಕಾ, ಅದರ ನುಣುಪು ಪುಡಿ ಶ್ವಾಸಕೋಶದ ಆಳಕ್ಕೆ ಇಳಿದರೆ ಅಲ್ಲೇ ಉಳಿದು ಗಾಯ ಮಾಡುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಒಂದು ದಿನದ ಧೂಳಿನಿಂದ ನಮಗೆ ಆ ರೋಗ ಬಂದುಬಿಡುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ತಿಂಗಳು ತಿಂಗಳೂ ಅದೇ ಕೋಣೆಗೆ ಹೋಗುವ ಆಯೋಜಕರೂ, ಜೀವಮಾನವೆಲ್ಲ ಅದನ್ನು ಉಸಿರಾಡಿದ ಕಾಕಾ ಕೂಡ ಅಲ್ಲೇ ಇದ್ದರು. ಪುಡಿ ತೂರಿದ ಕೂಡಲೇ ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಹೊರಗೆ ನಡೆದರು. ನಾನು ಹಿಂದೆಯೇ ಹೋದೆ. ಆ ಕೋಣೆಯಲ್ಲಿ ತಮ್ಮ ಜೊತೆ ದುಡಿದ ಇಬ್ಬರು ಕೊನೆಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬಿಡುತ್ತಿದ್ದರೆಂದು ಅವರು ಹೇಳಿದರು.

ಎನ್‌95 ಮುಖಗವಸು ಕೊಡುವುದು ದೊಡ್ಡ ಖರ್ಚಲ್ಲ, 1,500 ರೂಪಾಯಿಯಲ್ಲಿ ಅದನ್ನು ಸೇರಿಸಲೇಬೇಕು. ಚಾವಣಿಯ ಸಿಮೆಂಟ್ ಶೀಟುಗಳು ಕಲ್ನಾರಿನವು (ಆಸ್ಬೆಸ್ಟಾಸ್), ಒಡೆದ ಅಂಚುಗಳನ್ನು ಮುಟ್ಟಬಾರದೆಂದು ಯಾರೂ ಹೇಳಲಿಲ್ಲ. ಇದನ್ನೆಲ್ಲ ಸಂಜೆ ಇಬ್ಬರಿಗೂ ನೇರವಾಗಿ ಹೇಳಿದ್ದೇನೆ. ಅವರು ವಾದಿಸದೆ ಕೇಳಿಸಿಕೊಂಡರು, ಮುಂದಿನ ಸಲದಿಂದ ಮುಖಗವಸು ಕೊಡುವುದಾಗಿ, ಪುಡಿ ತೂರುವುದನ್ನು ನಿಲ್ಲಿಸುವುದಾಗಿ ಮಾತು ಕೊಟ್ಟಿದ್ದಾರೆ. ಹೋಗುವವರು ಆ ಮಾತನ್ನು ನಂಬಿ ಕೂರದೆ ತಮ್ಮದೇ ಮುಖಗವಸು ಒಯ್ಯಬೇಕು.

ಇನ್ನೊಂದು ಆಕ್ಷೇಪವಿದೆ. ಮೆರುಗು, ಅಂದರೆ ಪಾತ್ರೆಯ ಮೇಲಿನ ಗಾಜಿನಂಥ ಲೇಪ, ಹಚ್ಚುವ ಕೋಣೆಯಲ್ಲಿ ಮೇಲರ್ಧ ಕಂದು, ಕೆಳಗಿನರ್ಧ ಹಾಲುಬಣ್ಣದ ಹತ್ತು ಹನ್ನೆರಡು ಭರಣಿಗಳು ಉಳಿದಿವೆ. ನಮ್ಮ ಅವ್ವ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಬಾಯಿಗೆ ಬಿಳಿ ಬಟ್ಟೆ ಕಟ್ಟಿಡುತ್ತಿದ್ದುದು ಇಂಥದ್ದರಲ್ಲೇ. ಆ ಭರಣಿಗಳನ್ನು ಆಯೋಜಕರು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಚಿತ್ರ ಚೆಂದ ಬರುತ್ತದೆ, ಒಪ್ಪುತ್ತೇನೆ. ಆದರೆ ಅವು ಮೊದಲು ನೆಲದ ಮೇಲೆ, ಅದ್ದುವ ತೊಟ್ಟಿಯ ಎಡಕ್ಕೆ, ತಲೆಕೆಳಗಾಗಿ ಇದ್ದವಂತೆ. ಬಾಯಿ ಹಿಡಿದು ಕೆಳಭಾಗವನ್ನು ಒಂದು ತೊಟ್ಟಿಯಲ್ಲಿ ಅದ್ದಿ, ತಿರುವಿ, ಮೇಲ್ಭಾಗವನ್ನು ಇನ್ನೊಂದರಲ್ಲಿ ಅದ್ದುವ ಕೆಲಸದ ಸಾಲು ಅದಾಗಿತ್ತು. ಕಿಟಕಿಗೆ ಏರಿಸಿದ ಮೇಲೆ ಆ ಕೆಲಸದ ಗುರುತು ಅಳಿದುಹೋಯಿತು. ಇರುವುದನ್ನು ಇದ್ದ ಹಾಗೆ ಬಿಟ್ಟು ಚಿತ್ರ ತೆಗೆಯಬೇಕೆಂಬುದು ಇಂಥ ಜಾಗಗಳಿಗೆ ಹೋಗುವವರು ಎಲ್ಲ ಕಡೆ ಪಾಲಿಸುವ ನಿಯಮ, ಇಲ್ಲಿ ಅದನ್ನು ಪಾಲಿಸಬೇಕಾದವರೇ ಮುರಿದಿದ್ದಾರೆ.

ಊಟ ಚೆನ್ನಾಗಿತ್ತು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ನನಗೆ ಕೊಟ್ಟ ಟ್ರೈಪಾಡಿನ ತಲೆ ಸಡಿಲಿತ್ತು, ತೂಕದ ಲೆನ್ಸ್ ಹಾಕಿದರೆ ನಿಧಾನವಾಗಿ ಜಾರುತ್ತಿತ್ತು. ಸ್ವಂತದ್ದಿದ್ದರೆ ಅದನ್ನೇ ಒಯ್ಯಿರಿ. ಮುದ್ರಿತ ಪ್ರತಿ ಹನ್ನೆರಡು ದಿನಗಳಲ್ಲಿ ಅಂಚೆಯಲ್ಲಿ ಬಂತು. ಹೊಳಪು ಕಾಗದಕ್ಕಿಂತ ಮ್ಯಾಟ್ ಕಾಗದವನ್ನೇ ಕೇಳಿ ಪಡೆಯಿರಿ, ಹೊಳಪಿನದರಲ್ಲಿ ಭಟ್ಟಿಯೊಳಗಿನ ಕಪ್ಪು ಕಪ್ಪಾಗಿ ಉಳಿಯದೆ ಎದುರಿನ ಟ್ಯೂಬ್‌ಲೈಟ್ ಕಾಣಿಸುತ್ತದೆ.

ಸಂಜೆ ಜೀಪು ನಮ್ಮನ್ನು ಮಹಮೂದ್ ಗವಾನನ ಮದರಸಾದ ಎದುರು ಇಳಿಸಿತು. ಅದು ನಡಿಗೆಯ ಭಾಗವೇನಲ್ಲ, ಸ್ಟುಡಿಯೊಗೆ ಹೋಗುವ ದಾರಿಯಲ್ಲಿತ್ತು ಅಷ್ಟೆ. ಪುರಾತತ್ವ ಇಲಾಖೆಯ ಸ್ಮಾರಕವಾದ್ದರಿಂದ ಅಲ್ಲಿ ಟ್ರೈಪಾಡ್ ಇಡಲು ಮುಂಗಡ ಅನುಮತಿ ಬೇಕು, ಆದ್ದರಿಂದ ಕ್ಯಾಮೆರಾ ಚೀಲದಲ್ಲೇ ಇತ್ತು. 1472ರಲ್ಲಿ ಕಟ್ಟಿದ, 1696ರಲ್ಲಿ ಮದ್ದು ಸಿಡಿದು ಅರ್ಧ ಮುಂಭಾಗ ಕಳೆದುಕೊಂಡ ಆ ಕಟ್ಟಡವನ್ನು ನಾನು ಹತ್ತಾರು ಸಲ ನೋಡಿದ್ದೇನೆ, ಮಕ್ಕಳನ್ನು ಶಾಲೆಯಿಂದ ಕರೆತಂದಿದ್ದೇನೆ. ಉಳಿದಿರುವ ಒಂದು ಮಿನಾರಿನ ಮೇಲೆ ಅಂಕುಡೊಂಕು ಗೆರೆಗಳಲ್ಲಿ ಕೂರಿಸಿದ ಬಣ್ಣದ ಬಿಲ್ಲೆಗಳ ಮೆರುಗು ಕೆಲವೆಡೆ ಏಕೆ ಸಿಪ್ಪೆಯಂತೆ ಎದ್ದಿದೆ ಎಂದು ಯೋಚಿಸಿರಲಿಲ್ಲ. ಮೈ ಮತ್ತು ಮೆರುಗು ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಅವುಗಳ ನಡುವೆ ಎಳೆದಾಟ ಉಳಿಯುತ್ತದೆ, ಒಳಗೆ ನೀರು ಇಳಿದರೆ ಅದು ಇನ್ನೂ ಹೆಚ್ಚುತ್ತದೆ ಎಂದು ಕಾಕಾ ಬೆಳಿಗ್ಗೆ ಒಂದು ಬಿರುಕು ಬಿಟ್ಟ ಭರಣಿಯನ್ನು ಉಗುರಿನಿಂದ ತಟ್ಟಿ, ಅದರ ಮೊಂಡು ಸದ್ದು ಕೇಳಿಸಿ ತಿಳಿಸಿದ್ದರು. ಮಿನಾರಿನ ಕೆಳಗೆ ಅವರೂ ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದರು. ನೀಲಿ ಇನ್ನೂ ಗಟ್ಟಿ ಇದೆ ಎಂದಷ್ಟೇ ಹೇಳಿದರು.

ಕಲಬುರಗಿಯಿಂದ ಹೋಗುವವರು ಹಿಂದಿನ ಸಂಜೆಯೇ ಬೀದರ್ ಸೇರಿಕೊಳ್ಳುವುದು ಒಳ್ಳೆಯದು. 2017ರಿಂದ ಎರಡೂ ಊರುಗಳ ನಡುವೆ ನೇರ ರೈಲು ಮಾರ್ಗವಿದೆ, ಬಸ್ಸುಗಳೂ ಇವೆ, ಆದರೆ ಸ್ಟುಡಿಯೊ ಮುಂದೆ ಬೆಳಿಗ್ಗೆ ಆರು ಗಂಟೆಗೇ ಹಾಜರಿರಬೇಕು. ದಪ್ಪ ಅಟ್ಟೆಯ ಬೂಟು, ತುಂಬುತೋಳಿನ ಅಂಗಿ, ಮುಖಗವಸು, ಚಿಕ್ಕ ದೀಪ, ಹೆಚ್ಚುವರಿ ಬ್ಯಾಟರಿ ಬೇಕು, ಮೂರಕ್ಕಿಂತ ಹೆಚ್ಚು ಲೆನ್ಸ್ ಬೇಡ. ಮಾರ್ಚ್ ಕಳೆದರೆ ಶೀಟಿನ ಕೆಳಗೆ ನಿಲ್ಲಲಾಗದಷ್ಟು ಸೆಕೆ, ಮಳೆಗಾಲದಲ್ಲಿ ಭಟ್ಟಿಯ ಕೆಳಗಿನ ಹೊಗೆದಾರಿಯಲ್ಲಿ ನೀರು ನಿಂತು ಹಾವುಗಳು ಸೇರುತ್ತವೆ, ಆದ್ದರಿಂದ ಚಳಿಗಾಲ ಬಿಟ್ಟು ಬೇರೆ ದಿನಗಳಲ್ಲಿ ನಡಿಗೆ ಇರುವುದಿಲ್ಲ. ಹೆಸರು ಬರೆಸುವಾಗ ಕಾಕಾ ಬರುತ್ತಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ, ಮೊಣಕಾಲು ನೋವಿನಿಂದ ಅವರು ಒಮ್ಮೊಮ್ಮೆ ಬರುವುದಿಲ್ಲವಂತೆ. ಅವರಿಲ್ಲದ ಭಾನುವಾರವಾದರೆ ಮುಂದಿನ ತಿಂಗಳವರೆಗೆ ಕಾಯಿರಿ.